ಹಳದಿಗೆ ಮೂವತ್ತು

ಹಳದಿ ದೀಪ ಕಂಡರೆ ರೈಲು ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಭಾನುವಾರದ ಗುಂಪಿನಲ್ಲಿ ಒಂದೇ ಉತ್ತರವಿತ್ತು: ಮೂವತ್ತು. ಗಂಟೆಗೆ ಮೂವತ್ತು ಕಿಲೋಮೀಟರ್. ಖಾಲಿ ಪ್ಯಾಸೆಂಜರ್ ಆಗಲಿ, ಕಲ್ಲಿದ್ದಲು ತುಂಬಿದ ಗೂಡ್ಸ್ ಆಗಲಿ, ಏರಿರಲಿ, ಇಳಿಜಾರಿರಲಿ, ಹಳದಿ ಕಂಬ ದಾಟುವಾಗ ವೇಗದ ಮುಳ್ಳು ಮೂವತ್ತರ ಮೇಲಿದ್ದರೆ ತಪ್ಪು. ಯಾಕೆ ಮೂವತ್ತು, ಯಾಕೆ ನಲವತ್ತಲ್ಲ ಎಂದು ಕೇಳಿದವನು ನಾನೊಬ್ಬನೇ. ಕೇಳಿದ್ದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ.

ಹಳದಿ ಸಿಗ್ನಲ್ ಎಂದ ಕೂಡಲೇ ಕೆಲವರಿಗೆ ಜೀವನ ನೆನಪಾಗುತ್ತದೆ. ‘ಬದುಕಿನಾಗೂ ಹಿಂಗಽ ನೋಡು, ಸಾವಕಾಶ ಹೋಗಬೇಕು’ ಎನ್ನುತ್ತಾರೆ. ಅಂಥವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಹಳದಿ ದೀಪ ಬುದ್ಧಿಮಾತಲ್ಲ, ಸುದ್ದಿ. ಮುಂದಿನ ಕಂಬದಲ್ಲಿ ಕೆಂಪು ಇರಬಹುದು, ಅಲ್ಲಿ ನಿಲ್ಲಲು ತಯಾರಿರು ಎಂಬುದಷ್ಟೇ ಸುದ್ದಿ. ಎರಡು ಹಳದಿ ಒಟ್ಟಿಗೆ ಉರಿದರೆ, ಮುಂದಿನದು ಒಂದು ಹಳದಿ ಆಗಿರಬಹುದು ಎಂಬ ಸುದ್ದಿ. ಗಾಡಿಯ ಭಾರ ಎಷ್ಟು, ಇಳಿಜಾರು ಎಷ್ಟು, ಬ್ರೇಕು ಹೇಗಿದೆ ಎಂದು ನೋಡಿ ವೇಗ ಇಳಿಸುವುದು ಓಡಿಸುವವನ ಕೆಲಸ. ದೀಪಕ್ಕೆ ಆ ಲೆಕ್ಕ ಬರುವುದಿಲ್ಲ.

ನಮ್ಮ ರೈಲ್ವೆ ಇರುವುದು ಪುಣೆಯ ಸದಾಶಿವ ಪೇಠದ ಒಂದು ವಾಡೆಯ, ಅಂದರೆ ಹಳೇ ಕಾಲದ ದೊಡ್ಡ ಮನೆಯ, ಮೊದಲ ಮಹಡಿಯಲ್ಲಿ, ಅಕೌಂಟ್ಸ್ ಕ್ಲಾಸಿನ ಕೋಣೆಯಲ್ಲಿ. ಕ್ಲಾಸು ನಡೆಸುವವರು ಬೆಳಗಾವಿಯವರು. ಪುಣೆಗೆ ಬಂದು ತಲೆ ಬೆಳ್ಳಗಾಗುವಷ್ಟು ಕಾಲವಾಗಿದೆ. ಎಲ್ಲರಿಗೂ ಅವರು ಕಾಕಾ. ವಾರವಿಡೀ ವಿದ್ಯಾರ್ಥಿಗಳು ಜಮಾಖರ್ಚು ಕಲಿಯುವ ಕಂಪ್ಯೂಟರುಗಳಲ್ಲಿ ಭಾನುವಾರ ನಾವು ನಾಲ್ಕೈದು ಜನ ರೈಲಿನ ಆಟ ಆಡುತ್ತೇವೆ. ಬಿಳಿ ಹಲಗೆಯ ಮೇಲೆ ಶನಿವಾರದ ಸವಕಳಿ ಲೆಕ್ಕ ಹಾಗೇ ಇರುತ್ತದೆ, ಅದನ್ನು ಒರೆಸುವಂತಿಲ್ಲ. ಉಳಿದ ಮೂಲೆಯಲ್ಲಿ ಯಾರಿಗೆ ಯಾವ ಗಾಡಿ ಎಂದು ಕಾಕಾ ಬರೆಯುತ್ತಾರೆ.

ಆಟ ಎಂದರೆ ಕಾಕಾಗೆ ಸಿಟ್ಟು. ಪುಣೆಯಿಂದ ಬೆಳಗಾವಿಯವರೆಗಿನ ಇಡೀ ದಾರಿಯನ್ನು ಅವರು ತಾವೇ ಕಂಪ್ಯೂಟರಿನೊಳಗೆ ಕಟ್ಟಿದ್ದಾರೆ. ಒಂದೊಂದು ಸ್ಟೇಷನ್ನು, ಸೇತುವೆ, ನೀರಿನ ಟಾಕಿ, ಗೇಟಿನ ಪಕ್ಕದ ಬೇವಿನ ಮರ, ಎಲ್ಲವನ್ನೂ ರಜೆಗೆ ಊರಿಗೆ ಹೋಗುವಾಗ ಕಿಟಕಿಯಿಂದ ನೋಡಿ ನೋಡಿ ಇಟ್ಟದ್ದು. ಅವರ ರೈಲ್ವೆಯ ಪದ್ಧತಿಗಳೂ ಅವರವೇ. ಸಿಗ್ನಲ್ ಕಂಡರೆ ಓಡಿಸುವವನು ಕೈಯೆತ್ತಿ ಅದರ ಬಣ್ಣ ಕೂಗಬೇಕು, ಪಕ್ಕದಲ್ಲಿ ಕೂತ ಅಸಿಸ್ಟಂಟ್ ಅದನ್ನೇ ತಿರುಗಿ ಕೂಗಬೇಕು. ಮಿರಜ್ ತನಕ ಮರಾಠಿಯಲ್ಲಿ: ಹಿರವಾ, ಪಿವಳಾ, ದೋನ್ ಪಿವಳೇ. ಮಿರಜ್ ದಾಟಿದ ಮೇಲೆ ಕನ್ನಡದಲ್ಲಿ: ಹಸಿರು, ಒಂದು ಹಳದಿ, ಎರಡು ಹಳದಿ. ಮಿರಜ್ ಆಚೆ ಯಾರಾದರೂ ಮರೆತು ಪಿವಳಾ ಎಂದರೆ ಕಾಕಾ ತಲೆಯೆತ್ತದೆ, ‘ಗಡಿ ದಾಟೇವಿ’ ಎನ್ನುತ್ತಾರೆ.

ಅದೆಲ್ಲ ನನಗೆ ಇಷ್ಟವೇ. ಇಷ್ಟವಿಲ್ಲದ್ದು ಮೂವತ್ತು.

ನಾನು ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಳೆದವನು, ಈಗ ಒಬ್ಬ ವಕೀಲರ ಕೈಕೆಳಗೆ ಜೂನಿಯರ್. ಹೇಳಿದವನೇ ರುಜುವಾತು ಕೊಡಬೇಕು ಎಂಬುದು ನನ್ನ ರಕ್ತಕ್ಕೆ ಇಳಿದಿದೆ. ಹಾಗಾಗಿ ಒಂದು ಭಾನುವಾರ ಕೇಳಿದೆ.

“ಕಾಕಾ, ಹಳದಿಗೆ ಮೂವತ್ತು ಅಂತ ಎಲ್ಲಿ ಬರದದರಿ?”

“ಬರಿಯೂದೇನು ಬಂತು? ಗಾಡಿ ನೋಡು” ಎಂದು ಕಾಕಾ ಪರದೆಯ ಕಡೆ ಬೆರಳು ತೋರಿಸಿದರು.

ತೋರಿಸಿದ್ದು ಆಟದ ಗಾಡಿಯನ್ನು. ನಾವು ನಾಲ್ಕೈದು ಜನ ಓಡಿಸುವ ಗಾಡಿಗಳು ಬಿಟ್ಟು ಆ ದಾರಿಯಲ್ಲಿ ಇನ್ನೂ ಹತ್ತಾರು ಗಾಡಿಗಳು ಓಡುತ್ತಿರುತ್ತವೆ, ಅವನ್ನು ಕಂಪ್ಯೂಟರೇ ಓಡಿಸುತ್ತದೆ. ಅಂಥದೊಂದು ಗೂಡ್ಸ್ ಹಳದಿ ಕಂಬದ ಹತ್ತಿರ ಬಂತು. ಮೂವತ್ತಕ್ಕೆ ಇಳಿಯಿತು. ಅದೇ ಮೂವತ್ತರಲ್ಲಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಮುಂದಿನ ಕೆಂಪಿನ ತನಕ ನಡೆದು ನಿಂತಿತು.

“ನೋಡಿದ್ಯಲ್ಲೋ?”

ನೋಡಿದೆ. ಅಂದರೆ ಕಾಕಾ ಈ ನಿಯಮ ಕಲಿತದ್ದು ರೈಲ್ವೆಯಿಂದಲ್ಲ, ಆಟದ ಗಾಡಿಯಿಂದ. ಅವರಿಂದ ಉಳಿದವರು. ಆಟದ ಗಾಡಿಗೆ ಕಲಿಸಿದವರು ಯಾರು? ಎಲ್ಲೋ ಕೂತ ಒಬ್ಬ ಪ್ರೋಗ್ರಾಮರ್. ಹಳದಿ ಬಂದರೆ ವೇಗ ಎಷ್ಟು ಎಂಬಲ್ಲಿ ಒಂದು ಅಂಕಿ ಬೇಕಿತ್ತು, ಅವನು ಒಂದನ್ನು ಹೊಡೆದು ಊಟಕ್ಕೆ ಹೋದ. ಅದು ಸದಾಶಿವ ಪೇಠದಲ್ಲಿ ಶಾಸ್ತ್ರವಾಯಿತು.

ನಮ್ಮಲ್ಲಿ ಮಗರಪಟ್ಟಾದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿಯೊಬ್ಬಳಿದ್ದಾಳೆ, ಹೆಚ್ಚಾಗಿ ನನ್ನ ಅಸಿಸ್ಟಂಟ್ ಆಗಿ ಕೂರುವವಳು. ಅವಳು ಹೇಳಿದಳು, “ಅಂಕಲ್, ಅದು ಬರೀ ಡಿಫಾಲ್ಟ್ ವ್ಯಾಲ್ಯೂ. ಚೇಂಜ್ ಮಾಡಬಹುದು.”

“ನನಗ ಅಂಕಲ್ ಅನಬ್ಯಾಡ ಅಂತ ಎಷ್ಟು ಸಲ ಹೇಳೀನಿ ನಿನಗ. ಮತ್ತ ಅದನ್ನ ಚೇಂಜ್ ಮಾಡೂದಿಲ್ಲ. ನಿಯಮ ಅಂದ್ರ ನಿಯಮ.”

ಅಲ್ಲಿಗೆ ಆ ಚರ್ಚೆ ನಿಂತಿತ್ತು. ಮತ್ತೆ ಶುರುವಾದದ್ದು ನನ್ನ ಕಣ್ಣಿನಿಂದ.

ವರ್ಷಕ್ಕೊಂದು ಸಲ ನಮ್ಮಲ್ಲಿ ಪೂರ್ತಿ ಓಟ ಇರುತ್ತದೆ. ಬೆಳಿಗ್ಗೆ ಪುಣೆ ಬಿಟ್ಟು, ನಿಜವಾದ ಗಾಡಿಗೆ ಹಿಡಿಯುವಷ್ಟೇ ಹೊತ್ತು ಹಿಡಿದು, ಸಂಜೆ ಬೆಳಗಾವಿ. ಅವತ್ತಿನ ಎಕ್ಸ್‌ಪ್ರೆಸ್ ಯಾರ ಕೈಗೆ ಎಂಬುದು ಮರ್ಯಾದೆಯ ವಿಷಯ. ಈ ಸಲ ಹಲಗೆಯ ಮೇಲೆ ಎಕ್ಸ್‌ಪ್ರೆಸ್ಸಿನ ಮುಂದೆ ನನ್ನ ಹೆಸರಿತ್ತು. ಅದಕ್ಕೆ ತಾಲೀಮು ಮಾಡುತ್ತಿದ್ದಾಗ, ಘಟಪ್ರಭಾ ಹತ್ತಿರ ಎರಡು ಹಳದಿ ದಾಟಿ ಬಂದೆ. ಮುಂದೆ ದೂರದಲ್ಲಿ ಒಂದೇ ದೀಪ. ಕೈಯೆತ್ತಿ ಕೂಗಿದೆ: “ಒಂದು ಹಳದಿ.”

ಪಕ್ಕದಿಂದ ಉತ್ತರವಿಲ್ಲ. ಆಮೇಲೆ, “ಗುರೂ, ಗ್ರೀನ್ ಇದೆ.”

“ಹಳದಿ ಅಂತ ಹಿಡದೀನಿ.”

“ಹಿಡಿಯೋದೇನ್ ಬಂತು? ಕಣ್ಣೆದುರಿಗೆ ಗ್ರೀನ್ ಇದೆಯಲ್ಲ. ನಿಂಗೆ ಕಾಣಿಸ್ತಿಲ್ವಾ?”

ಕಾಣಿಸುತ್ತಿರಲಿಲ್ಲ. ಹುಟ್ಟಿದಾಗಿನಿಂದ ನನಗೆ ಹಸಿರು, ಹಳದಿ, ಕೆಂಪು ಒಂದರ ಮನೆಗೆ ಇನ್ನೊಂದು ಹೋಗಿಬರುತ್ತಿರುತ್ತವೆ. ದೂರದ ದೀಪವಾದರೆ ಕೇಳುವುದೇ ಬೇಡ. ಗುಂಪಿನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮುಚ್ಚಿಡುವುದು ಎಂದರೆ ಇದಲ್ಲ. ನನ್ನ ರಕ್ತದ ಗುಂಪನ್ನೂ ನಾನು ಹೇಳಿರಲಿಲ್ಲ.

ಇಂಥ ಕಣ್ಣಿದೆ ಎಂದು ಗೊತ್ತಾದ ಕೂಡಲೇ ಜನ ಮಾಡುವ ಮೊದಲ ಕೆಲಸ ಒಂದೇ. ಅವಳೂ ಅದನ್ನೇ ಮಾಡಿದಳು. ಹಲಗೆಯ ಮಾರ್ಕರ್ ಎತ್ತಿ, “ಹಂಗಾದ್ರೆ ಇದು ಯಾವ ಕಲರ್?” ಎಂದಳು. ದೇಹೂ ರೋಡಿನಿಂದ ಬರುವ ನಮ್ಮ ಮರಾಠಿ ಗೆಳೆಯ, ಮಿತಭಾಷಿ, ಅವನೂ ತನ್ನ ಅಂಗಿಯ ತುದಿ ಹಿಡಿದು ತೋರಿಸಿದ. ಕುಂಟುವವನನ್ನು ಕಂಡು ‘ಎಲ್ಲಿ, ಸ್ವಲ್ಪ ಓಡಿ ತೋರಿಸು’ ಎಂದು ಯಾರೂ ಅನ್ನುವುದಿಲ್ಲ. ಬಣ್ಣದ ವಿಷಯಕ್ಕೆ ಮಾತ್ರ ಎಲ್ಲರೂ ಪರೀಕ್ಷಕರು.

“ಮತ್ತೆ ಇಷ್ಟು ದಿನ ಹೆಂಗೆ ಓಡಿಸ್ತಿದ್ದೆ?” ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಹೇಳಿದೆ. ಎರಡು ಹಳದಿಯನ್ನು ಗುರುತಿಸಲು ಬಣ್ಣ ಬೇಡ, ಅಲ್ಲಿ ಎರಡು ದೀಪ ಇರುತ್ತವೆ. ಹಸಿರು ಕಂಬ ದಾಟಿ ಬಂದಿದ್ದರೆ ಮುಂದಿನದು ಇನ್ನೊಂದು ಹಸಿರು ಅಥವಾ ಎರಡು ಹಳದಿ. ಒಂದು ಹಳದಿ ದಾಟಿದ್ದರೆ ಮುಂದಿನದನ್ನು ಕೆಂಪೆಂದೇ ಹಿಡಿದು ನಿಲ್ಲಲು ತಯಾರಾಗುತ್ತೇನೆ. ಎರಡು ಹಳದಿ ದಾಟಿದ ಮೇಲೆ ಒಂದೇ ದೀಪ ಕಂಡರೆ ಅದು ಹಳದಿಯೂ ಇರಬಹುದು, ಅಷ್ಟರಲ್ಲಿ ದಾರಿ ತೆರವಾಗಿ ಹಸಿರೂ ಆಗಿರಬಹುದು. ಅನುಮಾನವಿರುವುದು ಅಲ್ಲೊಂದೇ ಕಡೆ. ಅಲ್ಲಿ ನಾನು ಹಳದಿ ಎಂದೇ ಹಿಡಿದು ಬ್ರೇಕ್ ಹಾಕುತ್ತೇನೆ. ಹತ್ತಿರ ಬಂದಾಗ ದೀಪ ಕಂಬದ ಯಾವ ಮಟ್ಟದಲ್ಲಿ ಉರಿಯುತ್ತಿದೆ ಎಂದು ಕಾಣುತ್ತದೆ. ಕೆಂಪು ಎಲ್ಲಕ್ಕಿಂತ ಕೆಳಗೆ, ಒಂಟಿ ಹಳದಿ ಅದರ ಮೇಲೆ, ಹಸಿರು ಇನ್ನೂ ಮೇಲೆ. ಆಗ ಸರಿಪಡಿಸಿಕೊಳ್ಳುತ್ತೇನೆ. ಕೆಲವೊಮ್ಮೆ ಸುಮ್ಮಸುಮ್ಮನೆ ತಡವಾಗುತ್ತದೆ. ಕೆಂಪನ್ನು ಮಾತ್ರ ಇದುವರೆಗೆ ದಾಟಿಲ್ಲ. ಈ ಕೋಣೆಯಲ್ಲಿ ಕೆಂಪು ದಾಟದವನು ನಾನೊಬ್ಬನೇ ಎಂದೂ ಸೇರಿಸಿದೆ. ಅದು ಬೇಕಿರಲಿಲ್ಲ, ಆದರೆ ನಿಜ.

ಕಾಕಾ ಕೇಳಿಸಿಕೊಂಡರು. ಎದ್ದು ಹೋಗಿ ಹಲಗೆಯ ಮೇಲೆ ಎಕ್ಸ್‌ಪ್ರೆಸ್ಸಿನ ಮುಂದಿನ ನನ್ನ ಹೆಸರು ಬೆರಳಿನಿಂದ ಒರೆಸಿ ದೇಹೂ ರೋಡಿನವನ ಹೆಸರು ಬರೆದರು. ಆಮೇಲೆ ಬಹಳ ಮೃದುವಾಗಿ ಹೇಳಿದರು.

“ಸಿಟ್ಟ ಮಾಡ್ಕೋಬ್ಯಾಡ ತಮ್ಮಾ. ಖರೇ ರೈಲ್ವೆದಾಗ ಆಗಿದ್ರ ಬಣ್ಣದ ಪರೀಕ್ಷಾದಾಗಽ ನಿನ್ನ ಬಿಟ್ಟಿರತಿದ್ರು. ನೀ ಮಾತು ಭಾಳ ಚಂದ ಆಡ್ತಿ. ಅನೌನ್ಸ್‌ಮೆಂಟ್ ಮಾಡು. ಪ್ರತಿ ಸ್ಟೇಷನ್ನಿಗೂ ಮೈಕ್ ನಿಂದು.”

ನನ್ನ ಜೀವನದಲ್ಲಿ ಕೇಳಿದ ಅವಮಾನಗಳಲ್ಲಿ ಇದಕ್ಕೆ ಬಹುಮಾನ ಕೊಡುತ್ತೇನೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಧಾರವಾಡದವಳು, ಸಮಾಧಾನ ಹೇಳುವ ಅಭ್ಯಾಸವಿಲ್ಲ. ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದಳು.

“ಮೈಕ್ ಕೊಟ್ಟಾರಲ್ಲ, ತಗೋ. ಸಣ್ಣಾಂವ ಇದ್ದಾಗಿಂದ ಮೈಕ್ ನುಂಗಿದಾಂವ ನೀ.”

“ನನಗ ಗಾಡಿ ಬೇಕು.”

“ಕಾಯಿ ಟೊಮೆಟೊ ಹಣ್ಣಂತ ತರಾಂವ ನೀ. ನಾ ಅಂತೂ ನಿನ್ನ ಗಾಡ್ಯಾಗ ಕೂಡಂಗಿಲ್ಲ.”

“ಅದು ಆಟದ ಗಾಡಿ ಅವ್ವಾ. ಯಾರೂ ಕೂಡೂದಿಲ್ಲ.”

“ಯಾರೂ ಕೂಡಲಾರದ ಗಾಡಿಗೆ ಇಷ್ಟ್ಯಾಕ ಜಗಳಾ?”

ಎದುರಾಳಿ ಇಂಥ ಪ್ರಶ್ನೆ ಕೇಳಿದರೆ ನೀರು ಕುಡಿದು ಹೊತ್ತು ಕಳೆಯಬೇಕು ಎಂದು ನಮಗೆ ಕಲಿಸಿದ್ದರು. ನೀರು ಕುಡಿದೆ. ಉತ್ತರ ಬಂದದ್ದು ರಾತ್ರಿ ಊಟ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಅವ್ವನಿಗೆ ಅದು ಬೇಕಿರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ.

ಶಾಲೆಯಲ್ಲಿ ನಕಾಶೆಗೆ ಬಣ್ಣ ತುಂಬುವಾಗ ನಾನು ಸಮುದ್ರಕ್ಕೂ ಮೈದಾನಕ್ಕೂ ಏನೋ ಮಾಡಿಟ್ಟೆ. ಬಾಯಿಯವರು, ನಮ್ಮಲ್ಲಿ ಟೀಚರನ್ನು ಹಾಗೆನ್ನುತ್ತಾರೆ, ಬಯ್ಯಲಿಲ್ಲ. ‘ನೀನು ಭಾಷಣ ಮಾಡು’ ಎಂದರು. ಲ್ಯಾಬಿನಲ್ಲಿ ದ್ರಾವಣದ ಬಣ್ಣ ಯಾವಾಗ ತಿರುಗಿತೆಂದು ತಿಳಿಯದೆ ನಿಂತಾಗ ಜೊತೆಯವರು ಶೀಶೆ ತೆಗೆದುಕೊಂಡು, ‘ಮುಂದಿನ ವಾರ ಡಿಬೇಟ್ ಇದೆಯಲ್ಲ, ತಯಾರಿ ಮಾಡಿಕೋ’ ಎಂದರು. ಎಲ್ಲರೂ ಒಳ್ಳೆಯವರೇ. ಒಳ್ಳೆಯವರೆಲ್ಲ ಸೇರಿ, ಕೈಯಲ್ಲಿ ಮಾಡುವ ಪ್ರತಿಯೊಂದು ಕೆಲಸದಿಂದಲೂ ನನ್ನನ್ನು ಮೃದುವಾಗಿ ಎಬ್ಬಿಸಿ ಮೈಕಿನ ಮುಂದೆ ಕೂರಿಸಿದರು. ಮಾತಾಡಲು ನನಗೆ ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಾತಿಲ್ಲದೆ ನಾನು ಏನನ್ನಾದರೂ ಚೆನ್ನಾಗಿ ಮಾಡುತ್ತಿದ್ದ ಜಾಗ ಒಂದೇ ಇತ್ತು, ಆ ವಾಡೆಯ ಮಹಡಿಯ ಕಿಟಕಿ ಪಕ್ಕದ ಕಂಪ್ಯೂಟರು. ಅಲ್ಲಿಯೂ ಮೈಕ್ ತಂದಿಟ್ಟರು.

ಮುಂದಿನ ಭಾನುವಾರ ನಾನು ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಕಾಕಾ ಚಹಾದ ಕಿಟ್ಲಿ ಹಿಡಿದು ಬಂದರು. ಅವರ ಹಿಂದೆಯೇ ಗೆಳೆಯರಿಬ್ಬರೂ ಬಂದರು.

“ಕಾಕಾ, ಎರಡ ಮಾತು. ಖರೇ ಗಾಡ್ಯಾಗ ನನ್ನ ಕೂಡಿಸಬ್ಯಾಡ್ರಿ, ನಾನಽ ಕೂಡೂದಿಲ್ಲ. ಅಲ್ಲಿ ಹಿಂದ ಮಂದಿ ಇರ್ತಾರ. ಇಲ್ಲಿ ಯಾರದಾರ?”

“ಇದೂ ಖರೇ ರೈಲ್ವೆನಽ. ಹಂಗ ತಿಳಕೊಂಡಽ ನಾ ಕಟ್ಟೀನಿ.”

“ಹಂಗಾದ್ರ ನಿಮ್ಮ ಆಟದ ಗಾಡಿಗೋಳ ಕಣ್ಣಿನ ಪರೀಕ್ಷಾ ಮಾಡಿಸೀರೇನು?”

“ಅಂದ್ರ?”

“ಅವಕ್ಕ ಕಣ್ಣಽ ಇಲ್ಲ. ಹಸಿರಿಲ್ಲ, ಹಳದಿ ಇಲ್ಲ. ಸಿಗ್ನಲ್ ಅಂದ್ರ ಅವಕ್ಕ ಒಂದು ಅಂಕಿ. ಈಕೀನಽ ಕೇಳ್ರಿ.”

ಮೈಸೂರಿನವಳು ಚಹಾ ಊದುತ್ತ ಹೇಳಿದಳು, “ಅದು ಕರೆಕ್ಟ್. ಕೋಡಲ್ಲಿ ಕಲರ್ ಇರಲ್ಲ. ಬರೀ ನಂಬರ್.”

“ನನಗಿಂತ ಕುರುಡು ಇದ್ದಾವ. ಹಂತಾ ಹತ್ತಾರು ಗಾಡಿ ಈ ಲೈನಿನಾಗ ಬಿಟ್ಟೀರಿ. ಅವುಗಳನ್ನ ನೋಡಿ ನಿಯಮ ಕಲತೀರಿ. ನನಗ ಮಾತ್ರ ಮೈಕ್.”

ಕಾಕಾ ಕಿಟ್ಲಿ ಕೆಳಗಿಟ್ಟರು. “ವಕೀಲಕಿ ಇಲ್ಲೂ ಸುರು ಮಾಡಿದ್ಯಾ ನೀ. ಈಗೇನ ಮಾಡಬೇಕಂತಿ?”

“ಪರದೆಯ ಬಣ್ಣ ತಗೀರಿ. ಕಪ್ಪು ಬಿಳಿ ಮಾಡ್ರಿ. ನೀವು ಓಡಿಸಿ ತೋರಿಸ್ರಿ. ನಿಮ್ಮ ಲೈನು, ನಿಮ್ಮ ಕಂಬ.”

ದೇಹೂ ರೋಡಿನವನು ಕನ್ನಡ ಬಾರದಿದ್ದರೂ ಜಗಳ ಅರ್ಥಮಾಡಿಕೊಂಡು ಆಗಲೇ ಸೆಟ್ಟಿಂಗಿಗೆ ಕೈ ಹಾಕಿದ್ದ. ಪರದೆ ಬೂದಿ ಬಣ್ಣಕ್ಕೆ ತಿರುಗಿತು. ಕಾಕಾ ನನ್ನನ್ನೊಮ್ಮೆ ನೋಡಿ ಕೂತರು.

ಮೊದಮೊದಲು ಚೆನ್ನಾಗಿಯೇ ಓಡಿಸಿದರು. ಎರಡು ದೀಪ ಕಂಡಾಗ ಸರಿಯಾಗಿ ಕೂಗಿದರು, ವೇಗವನ್ನೂ ತುಸು ಇಳಿಸಿದರು. ಮುಂದೆ ಒಂದೇ ದೀಪ. ಆ ಕಂಬ ಅವರೇ ನೆಟ್ಟದ್ದು, ಅವರ ವೇಳಾಪಟ್ಟಿಯಲ್ಲಿ ಆ ಹೊತ್ತಿಗೆ ಅದು ಯಾವಾಗಲೂ ಹಸಿರು. “ಹಸಿರು” ಎಂದು ಕೂಗಿ ಮತ್ತೆ ವೇಗ ಏರಿಸಿದರು. ಅವತ್ತು ಮುಂದಿದ್ದ ಗೂಡ್ಸ್ ತಡವಾಗಿತ್ತು, ಆ ದೀಪ ಹಳದಿ. ತಿರುವು ಕಳೆದಾಗ ಅದರಾಚೆಯ ಕಂಬದಲ್ಲಿ ಎಲ್ಲಕ್ಕಿಂತ ಕೆಳಗಿನ ದೀಪ ಉರಿಯುತ್ತಿದ್ದುದು ಕಂಡಿತು. ಬ್ರೇಕು ಪೂರ್ತಿ ಹಾಕಿದರು. ಗಾಡಿ ಕೆಂಪನ್ನು ದಾಟಿ, ಗೂಡ್ಸಿನ ಬಾಲದ ಡಬ್ಬಿಗೆ ಮೂಗು ತಾಗಿಸುವಷ್ಟರಲ್ಲಿ ಆಟ ತಾನಾಗಿಯೇ ನಿಂತಿತು.

ನನ್ನ ಮುಖದ ಮೇಲೆ ಏನಿತ್ತೋ ನನಗೆ ಗೊತ್ತಿಲ್ಲ, ಮೈಸೂರಿನವಳು ಮೊಣಕೈಯಿಂದ ತಿವಿದು, “ಸಾಕು, ಹಲ್ಲು ಮುಚ್ಚು” ಎಂದಳು.

ಕಾಕಾ ಕುರ್ಚಿ ತಿರುಗಿಸಿದರು. “ಇದರಾಗ ಏನ ಸಾಬೀತಾತು ಹೇಳು. ಬಣ್ಣ ಇಲ್ಲಂದ್ರ ನನಗ ಓಡಸಲಿಕ್ಕೆ ಬರೂದಿಲ್ಲ, ಅಷ್ಟಽ. ನಿನಗ ಬರ್ತದ ಅಂತ ಎಲ್ಲಿ ಸಾಬೀತಾತು?”

ಹೇಳಿದವನೇ ರುಜುವಾತು ಕೊಡಬೇಕು. ಅಕೌಂಟ್ಸ್ ಕಲಿಸುವವರ ಬಾಯಿಂದ ಅದನ್ನು ಕೇಳುವುದು ಹಿತವಾಗಿರಲಿಲ್ಲ. ಆದರೆ ಅವರು ಹೇಳಿದ್ದು ಸರಿಯಿತ್ತು. ಕುರ್ಚಿ ಬದಲಾಯಿಸಿದೆವು. ಪರದೆಗೆ ಬಣ್ಣ ವಾಪಸು ಬಂತು, ನನಗದು ದೊಡ್ಡ ಉಪಕಾರವೇನಲ್ಲ. ಕಾಕಾ ಮೂಲೆಯ ಕಂಪ್ಯೂಟರಿನ ಮುಂದೆ ಕೂತರು. ಎಲ್ಲಿ ಯಾವ ಸಿಗ್ನಲ್ ಎಂದು ತಿರುಗಿಸುವ ಕಂಟ್ರೋಲರ್ ಜಾಗ ಅದು.

ಹೊರಟೆ. ಹಸಿರು ದಾಟಿದೆ. ಇನ್ನೊಂದು ಹಸಿರು ದಾಟಿದೆ. ವೇಗ ತೊಂಬತ್ತು. ಮುಂದೆ ಒಂದೇ ದೀಪ. ಹಸಿರಿನ ನಂತರ ಒಂದೇ ದೀಪವೆಂದರೆ ಹಸಿರೇ. “ಹಸಿರು” ಎಂದು ಕೂಗಿದೆ.

ಪಕ್ಕದಲ್ಲಿ ಮೌನ. ಅಸಿಸ್ಟಂಟ್ ಬಾಯಿಬಿಡಬಾರದೆಂದು ಕಾಕಾ ಮೊದಲೇ ಕಟ್ಟುಮಾಡಿದ್ದರು. ಆದರೆ ಅವಳು ಕುರ್ಚಿಯ ಕೈ ಬಿಗಿಯಾಗಿ ಹಿಡಿದದ್ದು ನನ್ನ ಕಣ್ಣಂಚಿಗೆ ಬಿತ್ತು. ಕಂಬ ಹತ್ತಿರ ಬಂತು. ದೀಪ ಇರಬೇಕಾದ ಮಟ್ಟದಲ್ಲಿ ಇರಲಿಲ್ಲ, ಒಂದು ಮೆಟ್ಟಿಲು ಕೆಳಗಿತ್ತು.

ಏನು ನಡೆದಿತ್ತೆಂದರೆ, ನಾನು ಹಸಿರು ದಾಟಿದ ಮೇಲೆ ಕಾಕಾ ಈ ಕಂಬದಾಚೆಯ ಸಿಗ್ನಲ್ಲನ್ನು ಕೈಯಾರೆ ಕೆಂಪು ಮಾಡಿದ್ದರು. ಅದರಿಂದ ಈ ಕಂಬ ನನ್ನ ಕಣ್ಣೆದುರೇ ಹಳದಿಯಾಗಿತ್ತು. ನಿಜವಾದ ದಾರಿಯಲ್ಲೂ ಹಳಿಯ ಮೇಲೆ ದನವೋ ಏನೋ ಬಂದರೆ ಹಾಗೆ ಮಾಡುವುದುಂಟು. ನನ್ನ ತರ್ಕದ ಸರಪಳಿಯಲ್ಲಿ ಕಡಿಯಬಹುದಾದ ಕೊಂಡಿ ಅದೊಂದೇ. ಕಾಕಾ ನೇರವಾಗಿ ಅಲ್ಲಿಗೇ ಕೈ ಹಾಕಿದ್ದರು. ನನ್ನ ಎದುರಾಳಿಗಳಲ್ಲಿ ಇಷ್ಟು ಚೆನ್ನಾಗಿ ಕೇಳಿಸಿಕೊಂಡವರು ಬೇರೆ ಯಾರೂ ಇಲ್ಲ.

“ಒಂದು ಹಳದಿ” ಎಂದು ತಿದ್ದಿ ಕೂಗಿದೆ, ಬ್ರೇಕನ್ನು ಕೊನೆಯ ತನಕ ಎಳೆದೆ. ಹಳದಿ ಕಂಬ ತೊಂಬತ್ತರಲ್ಲೇ ಹಿಂದೆ ಹೋಯಿತು. ಎಂಬತ್ತು, ಅರವತ್ತು. ಮುಂದಿನ ಕಂಬ ದೊಡ್ಡದಾಗುತ್ತ ಬಂತು. ಇಪ್ಪತ್ತು. ಕೆಂಪು ದೀಪ ಗಾಜಿನ ಮೇಲಂಚಿಗೆ ಬಂದಾಗ ಗಾಡಿ ನಿಂತಿತು. ಕಂಬದ ಈಚೆ.

“ತಪ್ಪು ಕೂಗಿದಿ” ಕಾಕಾ ಮೂಲೆಯಿಂದ ಹೇಳಿದರು.

“ಕೂಗಿದೆ. ಸರಿಯಾಗಿ ನಿಂತೆ.”

“ಹಳದೀಗೆ ತೊಂಬತ್ತು ಇತ್ತು. ನಿಯಮದ ಪ್ರಕಾರ ಮೂವತ್ತಿರಬೇಕು.”

“ಮಾರಿ ಮುಂದ ಬಂದು ಹಳದಿ ಆದ ಕಂಬಕ್ಕ ಮೂವತ್ತರಾಗ ಹೆಂಗ ಬರಬೇಕ್ರಿ? ಗರುಡನ ಕಣ್ಣು ಇದ್ದಾಂವಗೂ ಆಗೂದಿಲ್ಲ.”

“ಆಟದ ಗಾಡಿಗೆ ಆಗ್ತದ.”

ಮಾತು ಬಾಯಿಂದ ಬಿದ್ದ ಮೇಲೆ ಕಾಕಾಗೇ ಏನೋ ಅನ್ನಿಸಿರಬೇಕು. ಮೈಸೂರಿನವಳು ಚಹಾ ಲೋಟ ಕೆಳಗಿಟ್ಟು, “ನೋಡೇ ಬಿಡೋಣ ಕಾಕಾ” ಎಂದಳು. ಅವಳು ಅವರನ್ನು ಕಾಕಾ ಎಂದದ್ದು ಅದೇ ಮೊದಲು.

ಅದೇ ಜಾಗಕ್ಕೆ ಕಂಪ್ಯೂಟರ್ ಓಡಿಸುವ ಎಕ್ಸ್‌ಪ್ರೆಸ್ಸೊಂದನ್ನು ತಂದರು. ಅದೂ ತೊಂಬತ್ತರಲ್ಲಿ. ಕಾಕಾ ಅದೇ ರೀತಿ ಅದರ ಮುಖದ ಮೇಲೆ ಹಳದಿ ಎಸೆದರು. ಗಾಡಿ ಕಂಬದ ಹತ್ತಿರ ಬಂದು, ಒಂದು ಡಬ್ಬಿ ಉದ್ದದೊಳಗೆ ತೊಂಬತ್ತರಿಂದ ಮೂವತ್ತಕ್ಕೆ ಇಳಿಯಿತು. ಇಳಿಯಿತು ಎನ್ನುವುದೂ ತಪ್ಪು. ಯಾರೋ ಬಾಲ ಹಿಡಿದು ನಿಲ್ಲಿಸಿದ ಹಾಗೆ ಆಯಿತು. ಚಕ್ರ ಜಾರಲಿಲ್ಲ, ಬ್ರೇಕಿನ ಸದ್ದಿಲ್ಲ. ಭಾರವೇ ಇಲ್ಲದ ಗಾಡಿಗೆ ಬ್ರೇಕು ಯಾಕೆ? ಅದಕ್ಕೆ ಹಳದಿ ಎಂದರೆ ಮೂವತ್ತು ಎಂಬ ಅಂಕಿ, ಅಷ್ಟೇ. ಅಲ್ಲಿಂದ ಅದು ಏನೂ ಆಗದ ಹಾಗೆ ತೆವಳುತ್ತ ಹೋಯಿತು.

ದೇಹೂ ರೋಡಿನವನು ಮರಾಠಿಯಲ್ಲಿ, ಈ ಗಾಡಿಯಲ್ಲಿದ್ದವರೆಲ್ಲ ಈಗ ಇಂಜಿನ್ನಿನಲ್ಲಿ ಇರುತ್ತಾರೆ ಎಂದ. ಮೊದಲು ನಕ್ಕವರು ಕಾಕಾ. ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅದೇ ಗಾಡಿಯನ್ನು ಮತ್ತೊಮ್ಮೆ ತರಿಸಿ, ಮತ್ತೊಮ್ಮೆ ಹಳದಿ ಎಸೆದು, ನಗದೆ ನೋಡಿದರು. ಆ ದಾರಿಯ ಒಂದೊಂದು ಬೇವಿನ ಮರವನ್ನೂ ಕಿಟಕಿಯಿಂದ ನೋಡಿ ತಂದವರು, ಕಿಟಕಿಯಲ್ಲಿ ಕೂತಾಗ ಮೈಗೆ ತಾಗುವ ಬ್ರೇಕನ್ನು ಹೇಗೆ ಮರೆತರೋ.

“ಇದನ್ನ ನೋಡಿ ಕಲತೆ ನಾ” ಎಂದರು.

ಗೆದ್ದ ಮೇಲೆ ಸುಮ್ಮನಿರಬೇಕು ಎಂದು ನಮಗೆ ಕಲಿಸಿರಲಿಲ್ಲ, ಆದರೂ ಸುಮ್ಮನಿದ್ದೆ. ಕಾಕಾ ಎದ್ದು ಹಲಗೆಯ ಹತ್ತಿರ ಹೋದರು.

“ಮೂವತ್ತು ಬಿಡೂಣು. ಎಕ್ಸ್‌ಪ್ರೆಸ್ ನೀನಽ ಒಯ್ಯಿ. ಒಂದು ಷರತ್ತು. ಈಕಿ ಏನ ಕೂಗ್ತಾಳ ಅದನ್ನ ನೀ ಕೇಳಬೇಕು.”

“ನನಗಷ್ಟಽ ಯಾಕ? ಎಲ್ಲಾರಿಗೂ ಮಾಡ್ರಿ. ನಿಮಗೂ. ಇಲ್ಲಾಂದ್ರ ನನಗೂ ಬ್ಯಾಡ.”

“ಕೊಟ್ಟದ್ದು ತಗೊಳ್ಳಾಕೂ ವಾದ ಮಾಡ್ತೀಯಲ್ಲೋ.”

“ಕೊಡೂ ರೀತಿ ಸರಿ ಇರ್ಲಿ ಅಂತೀನಿ.”

ಕಾಕಾ ಒಂದು ಕ್ಷಣ ಮಾರ್ಕರಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಆತು. ಎಲ್ಲಾರಿಗೂ. ಇಬ್ಬರೂ ಕೂಗಬೇಕು. ಇಬ್ಬರದೂ ಬ್ಯಾರೆ ಬ್ಯಾರೆ ಆದ್ರ, ಯಾವ ದೀಪಕ್ಕ ಗಾಡಿ ಸಾವಕಾಶ ಹೋಗ್ತದ ಅದಽ ಖರೇ. ಅದಕ್ಕ ವಾದ ಇಲ್ಲ.”

ವಾದ ಇಲ್ಲ ಎಂಬಲ್ಲಿ ನನಗೆ ಕಸಿವಿಸಿಯಾಯಿತು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸದೆ ಮುಂದೆ ಹೋಗುವ ಏರ್ಪಾಡನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಅದರಲ್ಲಿ ತೂತು ಹುಡುಕಿದೆ, ಸಿಗಲಿಲ್ಲ. ದೇಹೂ ರೋಡಿನವನು “ಮಲಾ ಕಾಯ್, ಮೀ ಗೂಡ್ಸ್ ಘೇತೋ” ಎಂದು ಯಾವ ಬೇಸರವೂ ಇಲ್ಲದೆ ತನ್ನ ಹೆಸರನ್ನು ತಾನೇ ಒರೆಸಿ ಗೂಡ್ಸಿನ ಮುಂದೆ ಬರೆದುಕೊಂಡ. ಮೈಕ್ ಮಾತ್ರ ಮೇಜಿನ ಮೇಲೆ ಅನಾಥವಾಗಿ ಉಳಿಯಿತು.

ಪೂರ್ತಿ ಓಟದ ದಿನ ಬೆಳಿಗ್ಗೆ ಪುಣೆ ಬಿಟ್ಟೆವು. ಮಿರಜ್ ತನಕ ಹಿರವಾ, ಪಿವಳಾ ಎಂದು ಕೂಗುತ್ತ ಬಂದೆವು. ಮಿರಜಿನಲ್ಲಿ ಬಟಾಟೆ ವಡೆ ತಿಂದು ಭಾಷೆ ಬದಲಾಯಿಸಿದೆವು. ನಾವಿಬ್ಬರೂ ಬೇರೆ ಬೇರೆ ಕೂಗಿದ್ದು ಎಷ್ಟೋ ಕಡೆ. ಪ್ರತಿ ಸಲವೂ ಅವಳು ಹಸಿರು, ನಾನು ಹಳದಿ. ಪ್ರತಿ ಸಲವೂ ನಿಯಮದಂತೆ ನನ್ನದೇ ನಡೆಯಿತು, ಪ್ರತಿ ಸಲವೂ ಗಾಡಿ ತಡವಾಯಿತು. ಅವಳು ಆಮೇಲಾಮೇಲೆ ಬೈಯುವುದನ್ನೂ ಬಿಟ್ಟಳು. “ಆಯ್ತು ಮಹಾಪ್ರಭು, ಹಳದಿ” ಎನ್ನುತ್ತಿದ್ದಳು.

ಬೆಳಗಾವಿಯ ಹೊರಗೆ ಕೊನೆಯ ಕಂಬ. ಎರಡು ಹಳದಿ ದಾಟಿ ಬಂದಿದ್ದೆವು. ಮುಂದೆ ಒಂದೇ ದೀಪ.

“ಹಸಿರು” ಅವಳೆಂದಳು. “ಈ ಸಲ ಪ್ರಾಮಿಸ್ ಗುರೂ, ಹಸಿರೇ. ಊರು ಬಂತು, ಎಳಿ ಗಾಡಿ.”

“ಒಂದು ಹಳದಿ” ಎಂದೆ.

ಬ್ರೇಕು ಹಾಕಿದೆ, ಗಾಡಿಯ ಭಾರ ನೋಡಿಕೊಂಡು, ಏರು ನೋಡಿಕೊಂಡು, ಸಾವಕಾಶ. ಮುಳ್ಳು ಮೂವತ್ತಕ್ಕೆ ಬಂತು. ಅದನ್ನು ದಾಟಿ ಕೆಳಗೂ ಹೋಯಿತು. ಆಗ ಮೂಲೆಯಲ್ಲಿ ಮೈಕ್ ಗರಗರ ಎಂದಿತು. ಕಾಕಾ ಕಂಟ್ರೋಲರ್ ಕುರ್ಚಿಯಿಂದಲೇ ಅದನ್ನು ಎಳೆದುಕೊಂಡಿದ್ದರು.

“ಪ್ರಯಾಣಿಕರಲ್ಲಿ ವಿನಂತಿ. ಪುಣೆಯಿಂದ ಬರೂ ಎಕ್ಸ್‌ಪ್ರೆಸ್ ಗಾಡಿ ತಡಾ ಆಗೇದ. ಡ್ರೈವರ್ ದೀಪದ ಜೋಡಿ ವಾದಕ್ಕ ನಿಂತಾನ. ವಾದ ಮುಗಿದ ಕೂಡಲೇ ಗಾಡಿ ಒಂದನೇ ಪ್ಲಾಟ್‌ಫಾರ್ಮಿಗೆ ಬರ್ತದ. ಅಲ್ಲೀತನಕಾ ಚಾ ಕುಡೀರಿ.”

ನಾನು ಹಾರ್ನ್ ಒತ್ತಿದೆ, ಉದ್ದಕ್ಕೆ, ಅವರ ಮಾತು ಮುಳುಗುವಷ್ಟು. ಕಂಬ ಹತ್ತಿರ ಬಂತು. ದೀಪ ಮೇಲಿನ ಮಟ್ಟದಲ್ಲಿತ್ತು. ಹಸಿರೇ ಇತ್ತು.

ಇರಲಿ.